ಕೈ ಹಿಡಿದು ನಡೆಸುವ ತಂದೆ

ಸಂಜೆ ಮನೆಮಂದಿಯೆಲ್ಲ ಕುಳಿತು ಜಪಸರ ಹಿಡಿದಾಗ ನಾವು ದೇವರನ್ನು ತಂದೆಯೆಂದು ಕರೆಯುತ್ತೇವೆ. ಪರಲೋಕ ಪ್ರಾರ್ಥನೆಯನ್ನು ಇದುವರೆಗೆ ಎಷ್ಟು ಸಾವಿರ ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಆದರೆ 'ತಂದೆ' ಎಂಬ ಆ ಮಾತು ಬಾಯಿಗೆ ಬಂದಾಗ ನಿಮ್ಮ ಮನಸ್ಸಿನಲ್ಲಿ ಯಾರ ಮುಖ ಮೂಡುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ಕೆಲವರಿಗೆ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ ಅಪ್ಪನ ಮುಖ. ಕೆಲವರಿಗೆ ಕುಡಿದು ಬಂದು ಊಟದ ತಟ್ಟೆಯನ್ನು ಎಸೆದ ಅಪ್ಪನ ಮುಖ. ಇನ್ನು ಕೆಲವರಿಗೆ ಯಾವ ಮುಖವೂ ಇಲ್ಲ, ಏಕೆಂದರೆ ಅವರು ತಂದೆಯನ್ನು ಕಂಡವರೇ ಅಲ್ಲ. ಈ ಮೂವರೂ ಹೇಳುವುದು ಒಂದೇ ಪ್ರಾರ್ಥನೆ. ಅದು ಮೂವರ ಬಾಯಲ್ಲೂ ನಿಜವಾಗುವುದು ಹೇಗೆ?

ಇದಕ್ಕೆ ದೈವಶಾಸ್ತ್ರದ ಪುಸ್ತಕಗಳಲ್ಲಿ ಉತ್ತರವಿದೆ. ಆದರೆ ಇಂದು ಪುಸ್ತಕದ ಬದಲು ಒಬ್ಬ ಮಗಳ ಜೀವನವನ್ನು ನಿಮ್ಮ ಮುಂದಿಡುತ್ತೇನೆ. ಗುಲಾಬಿ ಹೂಗಳನ್ನೂ ಶಿಲುಬೆಯನ್ನೂ ಎದೆಗೊತ್ತಿಕೊಂಡು ನಿಂತಿರುವ ಆಕೆಯ ಸ್ವರೂಪವನ್ನು ನೀವು ದೇವಾಲಯಗಳಲ್ಲಿ ನೋಡಿರುತ್ತೀರಿ. 'ಪುಟ್ಟ ಹೂ' ಎಂದು ವಿಶ್ವಾಸಿಗಳು ಪ್ರೀತಿಯಿಂದ ಕರೆಯುವ ಬಾಲಯೇಸುವಿನ ಸಂತ ತೆರೇಸಮ್ಮ. ಆಕೆಯ ಕಥೆ ನಿಮಗೆ ಗೊತ್ತಿರಬಹುದು. ಆಕೆಯ ತಂದೆಯ ಕಥೆ ಅಷ್ಟಾಗಿ ಗೊತ್ತಿರಲಾರದು. ತಂದೆಯ ಕಥೆಯನ್ನು ಬಿಟ್ಟು ಮಗಳನ್ನು ಅರ್ಥಮಾಡಿಕೊಳ್ಳಲಾಗದು.

ಆ ತಂದೆಯ ಹೆಸರು ಲೂಯಿ ಮಾರ್ಟಿನ್. ಹುಟ್ಟಿದ್ದು 1823ರಲ್ಲಿ, ಫ್ರಾನ್ಸಿನ ಬೋರ್ದೋ ನಗರದಲ್ಲಿ. ಕಸುಬು ಗಡಿಯಾರ ರಿಪೇರಿ. ಯೌವನದಲ್ಲಿ ಆಲ್ಪ್ಸ್ ಪರ್ವತದ ಸಂತ ಬರ್ನಾರ್ಡರ ಮಠಕ್ಕೆ ಸೇರಲು ಹೋದರು. ಲ್ಯಾಟಿನ್ ಬಾರದೆಂದು ಅಲ್ಲಿಂದ ಹಿಂದಕ್ಕೆ ಕಳುಹಿಸಿದರು. ಅಲಾನ್ಸೋನ್ ಎಂಬ ಊರಿನಲ್ಲಿ ಅಂಗಡಿ ತೆರೆದು, 1858ರಲ್ಲಿ ಜೆಲಿ ಗೆರಿನ್ ಎಂಬಾಕೆಯನ್ನು ಮದುವೆಯಾದರು. ಆಕೆ ಸೂಕ್ಷ್ಮವಾದ ಲೇಸು ಹೆಣೆಯುವುದರಲ್ಲಿ ನಿಪುಣೆ, ಹೆಂಗಸರನ್ನು ಸೇರಿಸಿಕೊಂಡು ತಾವೇ ಆ ಉದ್ಯಮ ನಡೆಸುತ್ತಿದ್ದರು. ಈ ದಂಪತಿಗೆ ಒಂಬತ್ತು ಮಕ್ಕಳು ಹುಟ್ಟಿದವು. ನಾಲ್ಕು ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಮಣ್ಣಿಗೆ ಕೊಡಬೇಕಾಯಿತು. ಉಳಿದ ಐವರು ಹೆಣ್ಣುಮಕ್ಕಳಲ್ಲಿ ಕಡೆಯವಳೇ ತೆರೇಸಾ. 1873ರ ಜನವರಿ 2ರಂದು ಹುಟ್ಟಿದಳು.

ತೆರೇಸಾಗೆ ನಾಲ್ಕೂವರೆ ವರ್ಷವಾದಾಗ, 1877ರ ಆಗಸ್ಟಿನಲ್ಲಿ, ತಾಯಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡರು. ತಂದೆಗೆ ಆಗ ಐವತ್ನಾಲ್ಕು ವರ್ಷ. ಮಕ್ಕಳಿಗೆ ಸೋದರಮಾವನ ಮನೆಯವರ ಆಸರೆ ಇರಲೆಂದು ತಮ್ಮ ಊರು, ಗೆಳೆಯರು, ಹೆಂಡತಿಯ ಸಮಾಧಿ ಎಲ್ಲವನ್ನೂ ಬಿಟ್ಟು ಲಿಸ್ಯೂ ಪಟ್ಟಣಕ್ಕೆ ಬಂದು ನೆಲೆಸಿದರು. ಅಲ್ಲಿ ಅವರು ಕಡೆಯ ಮಗಳಿಗೆ ತಂದೆಯೂ ಆದರು, ತಾಯಿಯೂ ಆದರು. ಅವಳನ್ನು ಪುಟ್ಟ ರಾಣಿ ಎನ್ನುತ್ತಿದ್ದರು. ಅವಳಿಗೆ ಅವರೇ ರಾಜ. ಮಧ್ಯಾಹ್ನದ ಹೊತ್ತು ಇಬ್ಬರೂ ಅಡ್ಡಾಡಲು ಹೊರಟರೆ ದಾರಿಯ ಯಾವುದಾದರೊಂದು ದೇವಾಲಯದಲ್ಲಿ ಪರಮಪ್ರಸಾದದ ಮುಂದೆ ಸ್ವಲ್ಪ ಹೊತ್ತು ಕುಳಿತು ಬರುತ್ತಿದ್ದರು. ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಅವಳ ಜಾಗ ತಂದೆಯ ಪಕ್ಕದಲ್ಲಿ. ಸಂತರು ಹೇಗೆ ಪ್ರಾರ್ಥಿಸುತ್ತಾರೆಂದು ತಿಳಿಯಲು ಅಪ್ಪನ ಮುಖ ನೋಡಿದರೆ ಸಾಕಾಗಿತ್ತೆಂದು ಮುಂದೆ ಆಕೆ ನೆನೆದುಕೊಂಡರು.

ಆ ಬಾಲ್ಯದ ಒಂದು ಪ್ರಸಂಗವನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಭಾನುವಾರದ ಸಂಜೆ ಸೋದರಮಾವನ ಮನೆಯಿಂದ ಹಿಂದಿರುಗುವ ದಾರಿ. ಕತ್ತಲೆಯಾಗಿದೆ. ಆಕಾಶದ ತುಂಬ ನಕ್ಷತ್ರಗಳು. ಒಂದು ನಕ್ಷತ್ರಗುಂಪಿನಲ್ಲಿ ತನ್ನ ಹೆಸರಿನ ಮೊದಲ ಅಕ್ಷರದ ಆಕಾರವನ್ನು ಕಂಡು, ತನ್ನ ಹೆಸರು ಸ್ವರ್ಗದಲ್ಲಿ ಬರೆದಿದೆಯೆಂದು ಮಗು ಹಿಗ್ಗುತ್ತದೆ. ಇನ್ನು ಮೇಲೆ ಈ ಕೆಳಗಿನ ನೆಲವನ್ನು ನೋಡುವುದೇ ಬೇಡವೆಂದು, ತನ್ನನ್ನು ನಡೆಸಿಕೊಂಡು ಹೋಗುವಂತೆ ತಂದೆಯನ್ನು ಕೇಳಿಕೊಂಡು, ತಲೆ ಮೇಲೆತ್ತಿ ಆಕಾಶ ನೋಡುತ್ತಲೇ ನಡೆಯುತ್ತದೆ. ಕಾಲು ಎಲ್ಲಿಡುತ್ತಿದ್ದೇನೆಂಬ ಚಿಂತೆ ಅದಕ್ಕಿಲ್ಲ. ಕೈ ಅಪ್ಪನ ಕೈಯಲ್ಲಿದೆ.

ಇಂಥ ತಂದೆ ಇದ್ದರೆ ದೇವರನ್ನು ತಂದೆಯೆನ್ನುವುದು ಸುಲಭ ಬಿಡಿ, ಎಂದು ನಿಮ್ಮಲ್ಲಿ ಕೆಲವರು ಅಂದುಕೊಳ್ಳುತ್ತಿರಬಹುದು. ನಿಜವೇ. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ.

ತಾಯಿಯ ಮರಣದ ನಂತರ ತೆರೇಸಾ ಮಾತುಮಾತಿಗೂ ಅಳುವ ಹುಡುಗಿಯಾಗಿದ್ದಳು. ಸುತ್ತಲಿನವರ ಅತಿಯಾದ ಮುದ್ದು ಅದಕ್ಕೆ ಔಷಧಿಯಾಗಲಿಲ್ಲ. 1886ರ ಕ್ರಿಸ್ಮಸ್ ರಾತ್ರಿ ಪೂಜೆ ಮುಗಿಸಿ ಮನೆಗೆ ಬಂದಾಗ, ಮಕ್ಕಳ ಬೂಟಿನಲ್ಲಿ ಉಡುಗೊರೆ ಇಡುವ ಆಟ ಇದೇ ಕೊನೆಯ ವರ್ಷವಾದರೆ ಒಳ್ಳೆಯದೆಂದು ದಣಿದಿದ್ದ ತಂದೆ ಬೇಸರದಿಂದ ಅಂದದ್ದು ಮೆಟ್ಟಿಲೇರುತ್ತಿದ್ದ ಅವಳ ಕಿವಿಗೆ ಬಿತ್ತು. ಬೇರೆ ದಿನವಾಗಿದ್ದರೆ ರಾತ್ರಿಯೆಲ್ಲ ಅಳುತ್ತಿದ್ದಳು. ಅಂದು ಕಣ್ಣೀರನ್ನು ನುಂಗಿಕೊಂಡು ಕೆಳಗೆ ಬಂದು, ತಂದೆಯ ಮುಂದೆ ಕುಳಿತು ಒಂದೊಂದೇ ಉಡುಗೊರೆಯನ್ನು ನಗುನಗುತ್ತಾ ಬಿಚ್ಚಿದಳು. ತಂದೆಯೂ ನಕ್ಕರು. ಅದನ್ನು ಆಕೆ ತಮ್ಮ ಪರಿವರ್ತನೆಯ ರಾತ್ರಿ ಎಂದು ಕರೆದರು. ಗಮನಿಸಿ ಓದುಗರೇ. ದೇವರ ಮಗುವಾಗಿರುವುದೆಂದರೆ ಹಟಮಾರಿ ಮಗುವಾಗಿರುವುದಲ್ಲ. ತಂದೆಯಿಂದ ಪಡೆಯುವುದನ್ನಷ್ಟೇ ಬಲ್ಲ ಮಗು ಅಂದು ತಂದೆಗೆ ಸಂತೋಷ ಕೊಡುವುದನ್ನು ಕಲಿಯಿತು.

ಮರುವರ್ಷ, 1887ರ ಪೆಂತೆಕೋಸ್ತ್ ಹಬ್ಬದ ಸಂಜೆ, ಹದಿನಾಲ್ಕರ ತೆರೇಸಾ ತೋಟದಲ್ಲಿ ಕುಳಿತಿದ್ದ ತಂದೆಯ ಬಳಿ ಹೋಗಿ ಕಾರ್ಮೆಲ್ ಮಠ ಸೇರಲು ಅನುಮತಿ ಬೇಡಿದಳು. ಇಬ್ಬರು ಅಕ್ಕಂದಿರು ಆಗಲೇ ಆ ಮಠ ಸೇರಿದ್ದರು. ಆ ತಿಂಗಳ ಮೊದಲಲ್ಲಿ ತಂದೆಗೆ ಪಾರ್ಶ್ವವಾಯುವಿನ ಮೊದಲ ಹೊಡೆತವೂ ಬಿದ್ದಿತ್ತು. ಅವರು ಅತ್ತರು. ಬೇಡವೆನ್ನಲಿಲ್ಲ. ಗೋಡೆಯ ಸಂದಿಯಲ್ಲಿ ಬೆಳೆದಿದ್ದ ಪುಟ್ಟ ಬಿಳಿ ಹೂವಿನ ಗಿಡವೊಂದನ್ನು ಕಿತ್ತು ಅವಳ ಕೈಗಿಟ್ಟು, ದೇವರು ಅದನ್ನು ಎಷ್ಟು ಜೋಪಾನವಾಗಿ ಬೆಳೆಸಿದ್ದಾರೆಂದು ವಿವರಿಸಿದರು. ಗಿಡ ಬೇರುಸಹಿತ ಬಂದಿತ್ತು. ಬೇರೆಡೆ ನೆಡುವುದಕ್ಕೇ ಹೀಗೆ ಬಂದಿದೆಯೆಂದು ಮಗಳು ತಿಳಿದಳು. ವಯಸ್ಸು ಸಾಲದೆಂದು ಗುರುಗಳು ತಡೆದಾಗ ಅವಳನ್ನು ಧರ್ಮಾಧ್ಯಕ್ಷರ ಬಳಿಗೆ, ಕಡೆಗೆ ರೋಮಿಗೆ, ಹದಿಮೂರನೇ ಲಿಯೋ ಜಗದ್ಗುರುಗಳ ಸನ್ನಿಧಿಗೂ ಕರೆದೊಯ್ದವರು ಅದೇ ತಂದೆ. ತನ್ನಿಂದ ದೂರ ಹೋಗುವ ಮಗಳಿಗೆ ತಾನೇ ದಾರಿಖರ್ಚು ಕೊಟ್ಟು ಜೊತೆ ನಡೆದ ತಂದೆ ಅವರು. 1888ರ ಏಪ್ರಿಲ್ 9ರಂದು ಹದಿನೈದನೆಯ ವಯಸ್ಸಿನಲ್ಲಿ ತೆರೇಸಾ ಮಠದ ಬಾಗಿಲು ದಾಟಿದರು.

ಎರಡೂವರೆ ತಿಂಗಳೂ ಕಳೆದಿರಲಿಲ್ಲ. ಜೂನ್ ತಿಂಗಳಲ್ಲಿ ಒಂದು ದಿನ ತಂದೆ ಮನೆಯಿಂದ ಕಾಣೆಯಾದರು. ನಾಲ್ಕು ದಿನ ಹುಡುಕಿದ ಮೇಲೆ ದೂರದ ಲೆ ಹಾವ್ರ್ ಬಂದರಿನಲ್ಲಿ ಸಿಕ್ಕಿದರು. ಮೆದುಳಿನ ರಕ್ತನಾಳಗಳ ಕಾಯಿಲೆ ಅವರ ಬುದ್ಧಿಯನ್ನು ಕದಡತೊಡಗಿತ್ತು. 1889ರ ಜನವರಿಯಲ್ಲಿ ಮಗಳು ಮಠದ ಉಡುಪು ಧರಿಸಿದ ದಿನ ಅವರು ಚೇತರಿಸಿಕೊಂಡು ಬಂದು, ಅವಳ ಕೈಹಿಡಿದು ಪೀಠದವರೆಗೆ ಕರೆದೊಯ್ದರು. ಒಂದೇ ತಿಂಗಳಲ್ಲಿ ಎಲ್ಲವೂ ಕುಸಿಯಿತು. ಕಣ್ಣ ಮುಂದೆ ಯುದ್ಧ ನಡೆಯುತ್ತಿದೆಯೆಂಬ ಭ್ರಮೆಯಲ್ಲಿ ಮನೆಯವರನ್ನು ರಕ್ಷಿಸಲು ಅವರು ಪಿಸ್ತೂಲು ಕೈಗೆತ್ತಿಕೊಂಡರು. ಬುದ್ಧಿ ಕೆಟ್ಟಾಗಲೂ ಆ ತಂದೆಗೆ ನೆನಪಿದ್ದದ್ದು ಮಕ್ಕಳನ್ನು ಕಾಯಬೇಕೆಂಬುದೊಂದೇ. ಫೆಬ್ರವರಿ 12ರಂದು ಅವರನ್ನು ಕಾನ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಲಾಯಿತು. ಅಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಇದ್ದರು.

ಊರಿನವರ ಬಾಯಿಗೆ ಬೀಗ ಹಾಕುವವರುಂಟೇ? ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಮಠಕ್ಕೆ ಹೋದದ್ದರಿಂದಲೇ, ಅದರಲ್ಲೂ ಮುದ್ದಿನ ಕಡೆಯ ಮಗಳು ಹೋದದ್ದರಿಂದಲೇ ಅವರಿಗೆ ಹೀಗಾಯಿತೆಂದು ಜನ ಆಡಿಕೊಂಡರು. ಮಠದ ಗೋಡೆಯೊಳಗಿದ್ದ ತೆರೇಸಾ ಆ ಮಾತನ್ನೂ ಕೇಳಬೇಕಾಯಿತು. ಮಠದ ನಿಯಮದಂತೆ ತಂದೆಯನ್ನು ಹೋಗಿ ನೋಡುವ ಹಾಗೂ ಇರಲಿಲ್ಲ. 1890ರ ಸೆಪ್ಟೆಂಬರಿನಲ್ಲಿ ಕಪ್ಪು ಮುಸುಕು ಧರಿಸುವ ದಿನ ತಂದೆ ಬಂದು ಆಶೀರ್ವದಿಸಬಹುದೆಂಬ ಆಸೆ ಕೊನೆಯ ಗಳಿಗೆಯಲ್ಲಿ ಮುರಿಯಿತು. ಅಂದು ಆಕೆ ಅತ್ತುಬಿಟ್ಟರು.

ಇಂಥ ಹೊತ್ತಿನಲ್ಲಿ ದೇವರು ಪ್ರೀತಿಯ ತಂದೆ ಎಂದು ಹೇಳುವುದು ಹೇಗೆ? ಒಳ್ಳೆಯ ತಂದೆಯ ಮುಖ ನೋಡಿ ದೇವರನ್ನು ಅರಿತ ಮಗಳಿಗೆ ಈಗ ಆ ಮುಖವೇ ಮುಸುಕಿನ ಹಿಂದೆ ಹೋಗಿದೆ. ಕೈ ಹಿಡಿದು ನಡೆಸಿದವರನ್ನು ಈಗ ಬೇರೆಯವರು ಕೈ ಹಿಡಿದು ನಡೆಸಬೇಕಾಗಿದೆ. ಆಕೆಯ ವಿಶ್ವಾಸ ತಂದೆಯ ಒಳ್ಳೆಯತನದ ಮೇಲೆ ಮಾತ್ರ ನಿಂತಿದ್ದರೆ ಅದು ಅಂದೇ ಬಿದ್ದುಹೋಗಬೇಕಿತ್ತು.

ಅದು ಬೀಳಲಿಲ್ಲ. ದೇವರು ಹೀಗೇಕೆ ಮಾಡಿದರೆಂಬುದಕ್ಕೆ ಆಕೆಗೆ ವಿವರಣೆಯೇನೂ ದೊರೆಯಲಿಲ್ಲ. ಆಕೆ ಮಾಡಿದ್ದು ಒಂದೇ. ಯಾತನೆಯಲ್ಲಿ ವಿರೂಪಗೊಂಡ ಪ್ರಭು ಯೇಸುವಿನ ಮುಖವನ್ನು ದಿಟ್ಟಿಸತೊಡಗಿದರು. ಬಾಲಯೇಸುವಿನ ತೆರೇಸಾ ಎಂಬ ಹೆಸರಿಗೆ ಪವಿತ್ರ ಮುಖದ ತೆರೇಸಾ ಎಂಬುದನ್ನೂ ಸೇರಿಸಿಕೊಂಡರು. ಶಿಲುಬೆಯ ಮೇಲಿದ್ದ ಮಗನ ಮುಖ ಅವಮಾನದಿಂದ ಮುಚ್ಚಿಹೋದಾಗಲೂ ಆತ ತಂದೆಯ ಪ್ರಿಯ ಮಗನೇ ಆಗಿದ್ದರಲ್ಲವೇ? ಹಾಗಾದರೆ ಆಸ್ಪತ್ರೆಯಲ್ಲಿರುವ ತನ್ನಪ್ಪನೂ ದೇವರ ಪ್ರಿಯ ಮಗನೇ. ತಂದೆಯೆಂದು ತಾನು ಕರೆದವರಿಗೂ ಒಬ್ಬ ತಂದೆಯಿದ್ದಾರೆ, ಅವರ ಕೈಯಿಂದ ಅಪ್ಪ ಜಾರಿಬಿದ್ದಿಲ್ಲ. ಮುಂದೆ ತಮ್ಮ ಜೀವನವನ್ನು ಬರೆದಾಗ ಆ ಮೂರು ವರ್ಷಗಳನ್ನು ಆಕೆ ಕಳೆದುಹೋದ ಕಾಲವೆನ್ನಲಿಲ್ಲ, ಕುಟುಂಬಕ್ಕೆ ದೊರೆತ ಸಂಪತ್ತೆಂದು ಬರೆದರು. 1892ರ ಮೇ ತಿಂಗಳಲ್ಲಿ, ಕಾಲುಗಳ ಬಲ ಉಡುಗಿದ ತಂದೆಯನ್ನು ಮಠದ ಸಂದರ್ಶನ ಕೊಠಡಿಗೆ ಕರೆತಂದಾಗ, ಬೀಳ್ಕೊಡುವ ಹೊತ್ತಿಗೆ ಅವರು ಮೇಲಕ್ಕೆ ತೋರಿಸಿ, ಮತ್ತೆ ಭೇಟಿ ಸ್ವರ್ಗದಲ್ಲೇ ಎಂದು ಸೂಚಿಸಿದರು. 1894ರ ಜುಲೈ 29ರಂದು ತೀರಿಕೊಂಡರು.

ಆ ಕಾಲದ ಫ್ರಾನ್ಸಿನಲ್ಲಿ ದೇವರೆಂದರೆ ದಂಡ ಹಿಡಿದ ನ್ಯಾಯಾಧೀಶ ಎಂಬ ಭಯ ಬಹಳ ಬಲವಾಗಿತ್ತು. ಜನ ಪರಮಪ್ರಸಾದ ಸ್ವೀಕರಿಸಲೂ ಅಂಜುತ್ತಿದ್ದರು. ಪಾಪಿಗಳಿಗೆ ಬರಬೇಕಾದ ಶಿಕ್ಷೆ ತಮಗೆ ಬರಲೆಂದು ಕೆಲವು ಕನ್ಯಾಸ್ತ್ರೀಯರು ದೇವರ ನ್ಯಾಯಕ್ಕೆ ತಮ್ಮನ್ನು ಬಲಿಯಾಗಿ ಅರ್ಪಿಸಿಕೊಳ್ಳುತ್ತಿದ್ದರು. ತೆರೇಸಾ ಆ ತ್ಯಾಗವನ್ನು ಗೌರವಿಸಿದರು, ಆದರೆ ಆ ದಾರಿ ಹಿಡಿಯಲಿಲ್ಲ. ಸ್ವೀಕರಿಸುವವರಿಲ್ಲದೆ ದೇವರ ಹೃದಯದಲ್ಲಿ ಕಟ್ಟಿನಿಂತಿರುವ ಪ್ರೀತಿಗೆ ಯಾರು ತಮ್ಮನ್ನು ಒಪ್ಪಿಸುತ್ತಾರೆಂದು ಯೋಚಿಸಿದರು. 1895ರ ಜೂನ್ 9ರಂದು, ಪರಮ ತ್ರಿತ್ವದ ಹಬ್ಬದ ದಿನ, ದೇವರ ಕರುಣಾಪ್ರೀತಿಗೆ ತಮ್ಮನ್ನು ಅರ್ಪಿಸಿಕೊಂಡರು. ದೇವರ ನ್ಯಾಯಕ್ಕೂ ಆಕೆ ಹೆದರಲಿಲ್ಲ. ನ್ಯಾಯವಂತರಾದ ದೇವರು ನಮ್ಮ ದೌರ್ಬಲ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ನಾವು ಮಣ್ಣಿನ ಮಕ್ಕಳೆಂಬುದನ್ನು ಅವರು ಬಲ್ಲರು ಎಂಬುದು ಆಕೆಯ ತಿಳಿವಳಿಕೆ. ನ್ಯಾಯ ಮತ್ತು ಕರುಣೆ ಒಂದಕ್ಕೊಂದು ವೈರಿಗಳೆಂದು ಎಣಿಸುವ ನಾವು ಈ ಮಾತನ್ನು ಮತ್ತೆಮತ್ತೆ ಧ್ಯಾನಿಸಬೇಕು.

ಅದೇ ವರ್ಷ ಮಾರಿಸ್ ಬೆಲಿಯೇರ್ ಎಂಬ ಗುರುವಿದ್ಯಾರ್ಥಿ, ತನಗಾಗಿ ಪ್ರಾರ್ಥಿಸಲು ಒಬ್ಬ ಸೋದರಿ ಬೇಕೆಂದು ಮಠಕ್ಕೆ ಪತ್ರ ಬರೆದ. ಆ ಕೆಲಸ ತೆರೇಸಾರ ಪಾಲಿಗೆ ಬಂತು. ಮಾರಿಸ್ ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಿದ್ದರು. ತಂದೆ ಅವನನ್ನು ತಾಯಿಯ ಸೋದರಿಯ ವಶಕ್ಕೆ ಬಿಟ್ಟು ಹೋಗಿದ್ದರು. ತಂದೆ ಎಂದರೇನೆಂದು ತಿಳಿಯದೆ ಬೆಳೆದ ಯುವಕ. ತನ್ನ ಹಿಂದಿನ ಪಾಪಗಳ ನೆನಪು ಅವನನ್ನು ಕಾಡುತ್ತಿತ್ತು. ಸಾವಿನ ಹಾಸಿಗೆಯಲ್ಲಿದ್ದ ತೆರೇಸಾ ಅವನಿಗೊಂದು ಪುಟ್ಟ ಸಾಮತಿಯನ್ನು ಬರೆದು ಕಳುಹಿಸಿದರು. ಇಬ್ಬರು ತುಂಟ ಮಕ್ಕಳು ತಪ್ಪು ಮಾಡಿದ್ದಾರೆ. ಶಿಕ್ಷಿಸಲು ಬಂದ ತಂದೆಯನ್ನು ಕಂಡು ಒಬ್ಬ ನಡುಗುತ್ತಾ ಓಡಿಹೋಗುತ್ತಾನೆ. ಇನ್ನೊಬ್ಬ ತಂದೆಯ ತೋಳಿಗೇ ಬಿದ್ದು ತಪ್ಪೊಪ್ಪಿಕೊಂಡು, ಮುತ್ತಿಟ್ಟು ಶಿಕ್ಷಿಸುವಂತೆ ಬೇಡುತ್ತಾನೆ. ಈ ಮಗ ನಾಳೆ ಮತ್ತೆ ತಪ್ಪು ಮಾಡುವನೆಂದು ತಂದೆಗೆ ಗೊತ್ತಿದೆ. ಆದರೂ ಹೀಗೆ ಹೃದಯವನ್ನೇ ಹಿಡಿದುಕೊಂಡವನನ್ನು ಪ್ರತಿ ಸಲವೂ ಕ್ಷಮಿಸಲು ಆತ ಸಿದ್ಧ. ಓಡಿಹೋದ ಮೊದಲನೆಯವನ ವಿಷಯ ತಾನು ಹೇಳಬೇಕಾದ್ದೇ ಇಲ್ಲವೆಂದು ತೆರೇಸಾ ಬಿಟ್ಟುಬಿಟ್ಟರು. ನಾವು ಹೆಚ್ಚಾಗಿ ಆ ಮೊದಲನೆಯವನಂತೆಯೇ ಅಲ್ಲವೇ, ಓದುಗರೇ? ಪಾಪನಿವೇದನೆಯನ್ನು ಮುಂದೂಡುವುದು ನಾವು ಓಡಿಹೋಗುವ ಒಂದು ಬಗೆ.

ಮಾರಿಸ್ ಗುರುವಾದ, ಆಫ್ರಿಕಾಕ್ಕೆ ಧರ್ಮಪ್ರಚಾರಕನಾಗಿ ಹೋದ. ಅಲ್ಲಿ ಆರೋಗ್ಯ ಕೆಟ್ಟು, ಹಿಂದಿರುಗಿ ಬಂದು, 1907ರಲ್ಲಿ ಮೂವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನು ಪ್ರಾಣಬಿಟ್ಟದ್ದು ಕಾನ್ ನಗರದ ಅದೇ ಆಸ್ಪತ್ರೆಯಲ್ಲಿ, ತೆರೇಸಾರ ತಂದೆ ಮೂರು ವರ್ಷ ಕಳೆದ ಅದೇ ಮನೆಯಲ್ಲಿ. ಒಬ್ಬರು ಮಕ್ಕಳ ಪಾಲಿಗೆ ರಾಜನಂತಿದ್ದ ತಂದೆ. ಇನ್ನೊಬ್ಬರು ತಂದೆಯನ್ನೇ ಕಾಣದ ಮಗ. ಇಬ್ಬರೂ ಒಂದೇ ಸೂರಿನಡಿ ಬಡವಾದರು. ಇಬ್ಬರನ್ನೂ ಒಬ್ಬರೇ ತಂದೆ ಬರಮಾಡಿಕೊಂಡರೆಂದು ನಾನು ನಂಬುತ್ತೇನೆ.

ತೆರೇಸಾರ ಕೊನೆಯ ಪರೀಕ್ಷೆ ಇನ್ನೂ ಉಳಿದಿತ್ತು. 1896ರ ಪವಿತ್ರ ಗುರುವಾರದ ರಾತ್ರಿ ಕ್ಷಯರೋಗದ ಮೊದಲ ರಕ್ತ ಬಾಯಿಗೆ ಬಂತು. ಅದರ ಬೆನ್ನಲ್ಲೇ ಪಾಸ್ಖ ಹಬ್ಬದ ದಿನಗಳಲ್ಲಿ ಆಕೆಯ ಆತ್ಮಕ್ಕೆ ಕತ್ತಲೆ ಕವಿಯಿತು. ಸ್ವರ್ಗವಿದೆಯೇ ಎಂಬ ಸಂಶಯ. ಸತ್ತ ಮೇಲೆ ಏನೂ ಇಲ್ಲವೆಂಬ ಅಣಕ. ಬಾಲ್ಯದಲ್ಲಿ ತನ್ನ ಹೆಸರು ಬರೆದಿದ್ದ ಆಕಾಶದಲ್ಲಿ ಈಗ ಒಂದು ನಕ್ಷತ್ರವೂ ಇಲ್ಲ. ಈ ಕತ್ತಲೆ ಸಾಯುವವರೆಗೂ ಸರಿಯಲಿಲ್ಲ. ವಿಶ್ವಾಸ ಪ್ರಮಾಣವನ್ನು ತಮ್ಮ ರಕ್ತದಿಂದಲೇ ಬರೆದು ಎದೆಯ ಮೇಲೆ ಧರಿಸಿಕೊಂಡರು. ದೇವರನ್ನು ಅರಿಯದ ಪಾಪಿಗಳ ಪಂಕ್ತಿಯಲ್ಲಿ ತಾನೂ ಅವರಿಗಾಗಿ ಕುಳಿತಿದ್ದೇನೆಂದು ಎಣಿಸಿದರು. ಮನಸ್ಸು ಪೂರಾ ಒಣಗಿ ಒಂದು ಒಳ್ಳೆಯ ಯೋಚನೆಯೂ ಹುಟ್ಟದಿದ್ದಾಗ ಪರಲೋಕ ಪ್ರಾರ್ಥನೆಯನ್ನೂ ನಮೋ ಮರಿಯಾವನ್ನೂ ನಿಧಾನವಾಗಿ ಹೇಳುತ್ತಿದ್ದರು. ನಕ್ಷತ್ರಗಳು ಕಾಣದಿದ್ದರೇನು, ಹಿಡಿದ ಕೈಯನ್ನು ಆಕೆ ಬಿಡಲಿಲ್ಲ. ಅಥವಾ, ಆ ಕೈ ಆಕೆಯನ್ನು ಬಿಡಲಿಲ್ಲ.

ತಂದೆಯ ಮರಣದ ನಂತರ ಅದೇ ಮಠ ಸೇರಿದ ಅಕ್ಕ ಸೆಲಿನ್ ನೆನೆದುಕೊಂಡ ಒಂದು ಸಂಗತಿಯಿದೆ. ಒಂದು ದಿನ ಆಕೆ ತೆರೇಸಾರ ಕೋಣೆಗೆ ಹೋದಾಗ ತಂಗಿ ಬಟ್ಟೆ ಹೊಲಿಯುತ್ತಾ ಕುಳಿತಿದ್ದರು. ಕೈ ಚುರುಕಾಗಿ ಓಡುತ್ತಿತ್ತು, ಮನಸ್ಸು ಎಲ್ಲೋ ನೆಟ್ಟಿತ್ತು. ಏನು ಯೋಚನೆಯೆಂದು ಕೇಳಿದರೆ, ಪರಲೋಕ ಪ್ರಾರ್ಥನೆಯನ್ನು ಧ್ಯಾನಿಸುತ್ತಿದ್ದೇನೆ, ದೇವರನ್ನು ತಂದೆಯೆಂದು ಕರೆಯುವುದು ಎಷ್ಟು ಸವಿಯೆಂದರು. ಕಣ್ಣಲ್ಲಿ ನೀರು ಹೊಳೆಯಿತು. ಅಂದು ಆಕೆಗೆ ಈ ಲೋಕದಲ್ಲಿ ತಂದೆಯಿರಲಿಲ್ಲ.

1897ರ ಸೆಪ್ಟೆಂಬರ್ 30ರಂದು, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ತೆರೇಸಾ ಆ ತಂದೆಯ ಮನೆಗೆ ಹೋದರು. 1925ರಲ್ಲಿ ಧರ್ಮಸಭೆ ಆಕೆಯನ್ನು ಸಂತಳೆಂದು ಸಾರಿತು. 1997ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ಅವರು ಆಕೆಯನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಲೂಯಿ ಮತ್ತು ಜೆಲಿ ದಂಪತಿಯನ್ನು ಒಟ್ಟಿಗೇ ಸಂತಪದವಿಗೇರಿಸಿದರು. ಮಾನಸಿಕ ಆಸ್ಪತ್ರೆಯಲ್ಲಿ ಮೂರು ವರ್ಷ ಕಳೆದ ಆ ಗಡಿಯಾರದ ಕೆಲಸಗಾರ ಇಂದು ಪೀಠದ ಮೇಲೆ ಗೌರವ ಪಡೆಯುವ ಸಂತ. ಮನೆಯಲ್ಲಿ ಇಂಥ ರೋಗಿಗಳನ್ನಿಟ್ಟುಕೊಂಡು ನೆರೆಹೊರೆಯವರಿಗೆ ನಾಚಿ ಬಾಗಿಲು ಮುಚ್ಚಿಕೊಂಡಿರುವ ಕುಟುಂಬಗಳೇ, ಇದನ್ನು ಮರೆಯಬೇಡಿ.

ಪ್ರಿಯ ಓದುಗರೇ, ಈಗ ಮೊದಲ ಪ್ರಶ್ನೆಗೆ ಬರೋಣ. ದೇವರು ನಮ್ಮ ತಂದೆಯರ ದೊಡ್ಡ ಪ್ರತಿರೂಪವಲ್ಲ. ಎಲ್ಲ ತಂದೆತನವೂ ದೇವರಿಂದಲೇ ಹೆಸರು ಪಡೆಯುತ್ತದೆ ಎಂಬುದು ಸಂತ ಪೌಲರ ಬೋಧನೆ. ಅಳತೆಗೋಲು ದೇವರು, ನಮ್ಮ ತಂದೆಯರು ಆ ಕೋಲಿನಿಂದ ಅಳೆಯಲ್ಪಡುವವರು. ನಿಮ್ಮ ತಂದೆ ಒಳ್ಳೆಯವರಾಗಿದ್ದರೆ ದೇವರಿಗೆ ವಂದನೆ ಸಲ್ಲಿಸಿ, ಅವರು ನಿಮಗೆ ದಾರಿ ತೋರಿದ ಬೆರಳು. ನಿಮ್ಮ ತಂದೆ ನಿಮ್ಮನ್ನು ನೋಯಿಸಿದ್ದರೆ, ದೇವರೂ ಹಾಗೆಯೇ ಇರಬಹುದೆಂಬ ಅಂಜಿಕೆ ಬೇಡ. ತಂದೆ ಹೀಗಿರಬಾರದೆಂದು ನಿಮ್ಮ ಹೃದಯ ಅಂದು ಕೂಗಿತಲ್ಲ, ಆ ಕೂಗೇ ನಿಮಗೊಬ್ಬ ನಿಜವಾದ ತಂದೆಯಿರುವುದಕ್ಕೆ ಸಾಕ್ಷಿ. ಮಕ್ಕಳಿರುವ ತಂದೆಯರಿಗೆ ಒಂದು ಮಾತು: ನಿಮ್ಮ ಮಗು ಇಂದು ರಾತ್ರಿ ಪ್ರಾರ್ಥನೆಯಲ್ಲಿ ನಿಮ್ಮ ಮುಖ ನೋಡುತ್ತದೆ. ಅಲ್ಲಿ ಏನು ಕಾಣುತ್ತದೆಂಬುದು ನಿಮ್ಮ ಕೈಯಲ್ಲಿದೆ.

ಇಂದು ಸಂಜೆ ಜಪಸರ ಹಿಡಿದಾಗ ಅವಸರ ಮಾಡಬೇಡಿ. ಪರಲೋಕ ಪ್ರಾರ್ಥನೆಯಲ್ಲಿ ತಂದೆಯೆಂದು ಕರೆದ ಮೇಲೆ ಒಂದು ಗಳಿಗೆ ನಿಲ್ಲಿ. ಕತ್ತಲೆಯ ದಾರಿಯಲ್ಲಿ ತಲೆಯೆತ್ತಿ ನಡೆದ ಆ ಪುಟ್ಟ ಹುಡುಗಿಯನ್ನು ನೆನೆದುಕೊಳ್ಳಿ. ಆಮೇಲೆ ನಿಮ್ಮ ಕೈಯನ್ನೂ ನೀಡಿ, ಮುಂದಿನ ಮಾತು ಹೇಳಿ.